ಪ್ರಶ್ನೋತ್ತರ: ಹಳೆಯ ಡಿಸ್ಕ್ ಇಮೇಜ್‌ಗಳ ರೂಪಾಂತರ

ಈ ಸಲ ಬಂದ ಪತ್ರಗಳಲ್ಲಿ ಹಲವು, ಹಳೆಯ ಕಂಪ್ಯೂಟರ್‌ಗಳ ಫ್ಲಾಪಿಗಳಿಂದ ತೆಗೆದ ಇಮೇಜ್ ಫೈಲುಗಳನ್ನು (ಇಡೀ ಡಿಸ್ಕಿನ ಪ್ರತಿಗಳನ್ನು) ಒಂದು ಫಾರ್ಮ್ಯಾಟ್‌ನಿಂದ ಇನ್ನೊಂದಕ್ಕೆ ಬದಲಿಸುವಾಗ ಎದುರಾದ ತೊಂದರೆಗಳನ್ನು ಕುರಿತಾಗಿದ್ದವು. ಅವುಗಳಲ್ಲಿ ಐದನ್ನು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಆಪಲ್ 2 ಕಂಪ್ಯೂಟರಿನ ಡಿಸ್ಕೊಂದರ ಇಮೇಜ್ ನನ್ನಲ್ಲಿ ‘ಪಿಒ’ ಎಂಬ ಎಕ್ಸ್‌ಟೆನ್ಷನ್‌ನೊಂದಿಗೆ ಇತ್ತು. ನನ್ನ ಎಮ್ಯುಲೇಟರ್ (ಹಳೆಯ ಕಂಪ್ಯೂಟರನ್ನು ಅನುಕರಿಸುವ ಪ್ರೋಗ್ರಾಂ) ‘ಡಿಎಸ್‌ಕೆ’ ಫೈಲನ್ನು ಮಾತ್ರ ಒಪ್ಪುವುದರಿಂದ ಹೆಸರನ್ನು ಹಾಗೆ ಬದಲಿಸಿದೆ. ಅದು ಬೂಟ್ ಆಗಲಿಲ್ಲ. ಬೇರೆ ಡಿಸ್ಕಿನಿಂದ ಆಪಲ್ 2ರ ಕಾರ್ಯವ್ಯವಸ್ಥೆಯಾದ ಡಾಸ್ 3.3 ಬೂಟ್ ಮಾಡಿಕೊಂಡು ಕ್ಯಾಟಲಾಗ್ ಆಜ್ಞೆ ಕೊಟ್ಟರೆ ಏಳು ಫೈಲುಗಳ ಹೆಸರು ಸರಿಯಾಗಿ ಬಂದು ಪಟ್ಟಿ ಮುಗಿದುಹೋಗುತ್ತದೆ. ಮೂವತ್ತಕ್ಕೂ ಹೆಚ್ಚು ಫೈಲುಗಳು ಅದರಲ್ಲಿದ್ದುದು ನನಗೆ ಚೆನ್ನಾಗಿ ನೆನಪಿದೆ. ಇಮೇಜ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ನೀವು ಬರೆದಿರುವ ‘ಏಳು’ ಎಂಬ ಸಂಖ್ಯೆಯೇ ಏನಾಗಿದೆ ಎಂಬುದನ್ನು ಹೇಳುತ್ತದೆ.

ಆಪಲ್ 2ರ ಐದೂಕಾಲು ಇಂಚಿನ ಡಿಸ್ಕಿನಲ್ಲಿ 35 ಟ್ರ್ಯಾಕ್‌ಗಳು (ವೃತ್ತಾಕಾರದ ಹಾದಿಗಳು), ಪ್ರತಿ ಟ್ರ್ಯಾಕ್‌ನಲ್ಲಿ 16 ಸೆಕ್ಟರ್‌ಗಳು (ಹಾದಿಯ ತುಂಡುಗಳು), ಪ್ರತಿ ಸೆಕ್ಟರ್‌ನಲ್ಲಿ 256 ಬೈಟ್‌ಗಳು; ಒಟ್ಟು 1,43,360 ಬೈಟ್. ಡಾಸ್ ಕ್ರಮದ ಇಮೇಜ್ (ಸಾಮಾನ್ಯವಾಗಿ ಡಿಎಸ್‌ಕೆ) ಆಗಲಿ, ಆಪಲ್ 2ರ ಇನ್ನೊಂದು ಕಾರ್ಯವ್ಯವಸ್ಥೆಯಾದ ಪ್ರೊಡಾಸ್ ಕ್ರಮದ ಇಮೇಜ್ (ಪಿಒ) ಆಗಲಿ ಗಾತ್ರ ಇಷ್ಟೇ, ಒಳಗಿನ ಬೈಟ್‌ಗಳೂ ಅವೇ. ಬೇರೆಯಾಗಿರುವುದು ಒಂದೊಂದು ಟ್ರ್ಯಾಕ್‌ನೊಳಗೆ ಸೆಕ್ಟರ್‌ಗಳನ್ನು ಜೋಡಿಸಿರುವ ಅನುಕ್ರಮ ಮಾತ್ರ. ಡಾಸ್ ಕ್ರಮದ ಫೈಲಿನಲ್ಲಿ ಅವು 0ರಿಂದ 15ರವರೆಗೆ ಸಾಲಾಗಿ ಇರುತ್ತವೆ. ಪ್ರೊಡಾಸ್ ಕ್ರಮದ ಫೈಲಿನಲ್ಲಿ, ಡಾಸ್‌ನ ಎಣಿಕೆಯಲ್ಲೇ ಹೇಳುವುದಾದರೆ, ಮೊದಲು 0, ಆಮೇಲೆ 14, 13, 12 ಎಂದು ಇಳಿಯುತ್ತ 1ರವರೆಗೆ ಬಂದು, ಕೊನೆಗೆ 15 ಬರುತ್ತದೆ. ಎಂದರೆ ಎರಡು ತುದಿಯ ಸೆಕ್ಟರ್‌ಗಳು ಇದ್ದಲ್ಲಿಯೇ ಇರುತ್ತವೆ, ನಡುವಿನ ಹದಿನಾಲ್ಕು ತಿರುವುಮುರುವಾಗಿರುತ್ತವೆ.

ಈಗ ಡಾಸ್ 3.3 ತನ್ನ ಕ್ಯಾಟಲಾಗನ್ನು ಎಲ್ಲಿ ಇಟ್ಟಿದೆ ಎಂಬುದನ್ನು ನೋಡೋಣ. ಹದಿನೇಳನೆಯ ಟ್ರ್ಯಾಕ್‌ನ (ಎಣಿಕೆ 0ರಿಂದ) ಸೆಕ್ಟರ್ 0ರಲ್ಲಿ ಡಿಸ್ಕಿನ ವಿಷಯಸೂಚಿ ಇದ್ದು, ಅದು ಕ್ಯಾಟಲಾಗ್‌ನ ಮೊದಲ ಸೆಕ್ಟರ್ ಆದ 15ನ್ನು ತೋರಿಸುತ್ತದೆ. ಅಲ್ಲಿಂದ 14, 13 ಎಂದು ಒಂದೊಂದಾಗಿ ಇಳಿದು 1ಕ್ಕೆ ಸರಪಳಿ ಮುಗಿಯುತ್ತದೆ. ಒಂದು ಕ್ಯಾಟಲಾಗ್ ಸೆಕ್ಟರ್‌ನಲ್ಲಿ ಹಿಡಿಸುವುದು ಏಳು ಫೈಲುಗಳ ವಿವರ. ನಿಮ್ಮ ಫೈಲಿನಲ್ಲಿ 0 ಮತ್ತು 15 ಅಲುಗದೆ ಇದ್ದುದರಿಂದ ಡಾಸ್‌ಗೆ ಸೂಚಿಯೂ ಸಿಕ್ಕಿತು, ಮೊದಲ ಏಳು ಹೆಸರುಗಳೂ ಸಿಕ್ಕಿದವು. ಮುಂದೆ 14ನ್ನು ಹುಡುಕಿಕೊಂಡು ಹೋದ ಜಾಗದಲ್ಲಿ ಸಿಕ್ಕಿದ್ದು ಸೆಕ್ಟರ್ 1, ಅಂದರೆ ಸರಪಳಿಯ ಕೊನೆಯ ಕೊಂಡಿ. ಅದು ಸಾಮಾನ್ಯವಾಗಿ ಖಾಲಿಯಾಗಿರುತ್ತದೆ, ಮುಂದಿನ ಸೆಕ್ಟರ್‌ನ ಸಂಖ್ಯೆಯೂ ಅದರಲ್ಲಿ ಸೊನ್ನೆ. ಹೀಗಾಗಿ ಡಾಸ್ ಯಾವ ದೋಷವನ್ನೂ ಹೇಳದೆ, ಪಟ್ಟಿ ಮುಗಿಯಿತೆಂದು ತಿಳಿದು ನಿಂತಿತು. ಬೂಟ್ ಆಗದಿರುವುದಕ್ಕೂ ಇದೇ ಕಾರಣ: ಟ್ರ್ಯಾಕ್ 0ರ ಸೆಕ್ಟರ್ 0 ಸರಿಯಾಗಿಯೇ ಸಿಗುತ್ತದೆ, ಆದರೆ ಅದು ಕರೆಯುವ ಮುಂದಿನ ಸೆಕ್ಟರ್‌ಗಳು ಅದಲುಬದಲಾಗಿರುತ್ತವೆ.

ಕಣ್ಣಾರೆ ನೋಡಬೇಕೆಂದಿದ್ದರೆ ಮೂಲ ಫೈಲನ್ನು ಹೆಕ್ಸ್ ಎಡಿಟರ್‌ನಲ್ಲಿ (ಪ್ರತಿ ಬೈಟನ್ನೂ ಹದಿನಾರರ ಆಧಾರದ ಸಂಖ್ಯೆಯಾಗಿ ತೋರಿಸುವ ಪ್ರೋಗ್ರಾಂನಲ್ಲಿ) ತೆರೆಯಿರಿ. ಹದಿನೇಳನೆಯ ಟ್ರ್ಯಾಕ್ ಶುರುವಾಗುವುದು 69,632ನೆಯ ಬೈಟ್‌ನಲ್ಲಿ. ಅಲ್ಲಿಂದ 256 ಬೈಟ್ ಮುಂದೆ, 69,888ರ ಆಸುಪಾಸಿನಲ್ಲಿ, ಫೈಲುಗಳ ಹೆಸರುಗಳಿದ್ದರೆ ಅದು ಪ್ರೊಡಾಸ್ ಕ್ರಮ. ಅಲ್ಲಿ ಖಾಲಿ ಇದ್ದು 73,216ರಲ್ಲಿ ಹೆಸರುಗಳಿದ್ದರೆ ಡಾಸ್ ಕ್ರಮ. ಆಪಲ್ 2ರಲ್ಲಿ ಅಕ್ಷರಗಳ ಮೇಲಿನ ಬಿಟ್ ಕೂಡ ಏರಿಸಿರುವುದರಿಂದ ಇಂಗ್ಲಿಷಿನ ‘ಎ’ ಅಕ್ಷರ 41ರ ಬದಲು ಸಿ1 ಎಂದು ಕಾಣಿಸುತ್ತದೆ. ಎಡಿಟರ್‌ನ ಬಲಬದಿಯಲ್ಲಿ ಓದಲಾಗುವ ಪದಗಳಿಲ್ಲವೆಂದು ಗಾಬರಿಯಾಗಬೇಕಿಲ್ಲ.

ಬದಲಿಸುವ ಕೆಲಸವನ್ನು ವಿಂಡೋಸ್‌ನಲ್ಲಿ ಸೈಡರ್‌ಪ್ರೆಸ್ ಮಾಡಿಕೊಡುತ್ತದೆ. ನಾಲ್ಕು ಸಾಲು ಪ್ರೋಗ್ರಾಂ ಬರೆಯಬಲ್ಲವರಿಗೆ ಅದೂ ಬೇಡ: ಫೈಲನ್ನು 4,096 ಬೈಟ್‌ಗಳ ತುಂಡುಗಳಾಗಿ ಓದಿ, ಪ್ರತಿ ತುಂಡಿನ ಮೊದಲ ಮತ್ತು ಕೊನೆಯ 256 ಬೈಟ್‌ಗಳನ್ನು ಹಾಗೆಯೇ ಬಿಟ್ಟು, ನಡುವಿನ ಹದಿನಾಲ್ಕು ಸೆಕ್ಟರ್‌ಗಳನ್ನು ಹಿಂದುಮುಂದಾಗಿ ಬರೆದರೆ ಮುಗಿಯಿತು. ಇದೇ ಕ್ರಿಯೆಯನ್ನು ಎರಡನೆಯ ಸಲ ನಡೆಸಿದಾಗ ಮೂಲ ಫೈಲು ಬೈಟ್‌ಗೆ ಬೈಟ್ ಮರಳಿ ಬರಬೇಕು. ಬಂದರೆ ನಿಮ್ಮ ಪ್ರೋಗ್ರಾಂ ಸರಿಯಾಗಿದೆ. ಒಂದು ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ಹೆಸರು ಬದಲಿಸಿದ ಪ್ರತಿಯ ಮೇಲೆ ಎಮ್ಯುಲೇಟರ್‌ನಿಂದ ಏನನ್ನಾದರೂ ಸೇವ್ ಮಾಡಿದ್ದರೆ, ಅದು ತಪ್ಪು ಸೆಕ್ಟರ್‌ಗಳ ಮೇಲೆ ಬರೆದಿರುವ ಸಾಧ್ಯತೆ ಇದೆ. ಅಂಥ ಪ್ರತಿಯನ್ನು ತಿದ್ದಲು ಹೋಗದೆ ಎಸೆದು, ಮುಟ್ಟದ ಮೂಲದಿಂದಲೇ ಆರಂಭಿಸಿ.

ಪ್ರಶ್ನೆ: ಅದೇ ಆಪಲ್ 2ರ ಇನ್ನೊಂದು ಇಮೇಜ್ 1,43,360 ಬೈಟ್ ಇರಬೇಕಾದದ್ದು 1,43,811 ಬೈಟ್ ಇದೆ. ಹೆಚ್ಚಿರುವ 451 ಬೈಟ್‌ಗಳನ್ನು ಕೊನೆಯಿಂದ ಕತ್ತರಿಸಿದೆ, ಆದರೂ ಓದಲಾಗುತ್ತಿಲ್ಲ.

ಉತ್ತರ: ಹೆಚ್ಚುವರಿ ಬೈಟ್‌ಗಳು ಕೊನೆಯಲ್ಲಿ ಇಲ್ಲ, ಫೈಲಿನ ಉದ್ದಕ್ಕೂ ಹರಡಿಕೊಂಡಿವೆ. ಎಂದೋ ಒಂದು ಕಾಲದಲ್ಲಿ ಈ ಫೈಲನ್ನು, ಜಾಲದಲ್ಲಿ ಫೈಲು ಕಳುಹಿಸುವ ಎಫ್‌ಟಿಪಿಯ ಟೆಕ್ಸ್ಟ್ ಮೋಡ್‌ನಲ್ಲಿ ಸಾಗಿಸಿರಬೇಕು. ಆ ಮೋಡ್‌ನಲ್ಲಿ ಯುನಿಕ್ಸ್ ಯಂತ್ರದಿಂದ ಪಿಸಿಯ ಎಂಎಸ್-ಡಾಸ್ ಅಥವಾ ವಿಂಡೋಸ್ ಯಂತ್ರಕ್ಕೆ ಬರುವ ಫೈಲಿನ ಪ್ರತಿಯೊಂದು 0ಎ ಬೈಟನ್ನೂ ಸಾಲಿನ ಅಂತ್ಯವೆಂದು ಭಾವಿಸಿ, ಅದರ ಹಿಂದೆ ಒಂದು 0ಡಿ ಬೈಟನ್ನು ಸೇರಿಸಲಾಗುತ್ತದೆ. ಬೈಟ್‌ಗಳು ಸಮವಾಗಿ ಹಂಚಿಕೆಯಾಗಿದ್ದರೆ ಇಷ್ಟು ದೊಡ್ಡ ಫೈಲಿನಲ್ಲಿ ಸುಮಾರು 560 ಬಾರಿ 0ಎ ಬರುತ್ತದೆ. ಆದ್ದರಿಂದ 451 ಎಂಬುದು ನಂಬಬಹುದಾದ ಲೆಕ್ಕ.

ನೀವು ಕತ್ತರಿಸದ ಪ್ರತಿಯನ್ನು ತೆಗೆದುಕೊಳ್ಳಿ. ಅದರಲ್ಲಿ ಪ್ರತಿ 0ಎ ಹಿಂದೆಯೂ 0ಡಿ ಇದೆಯೇ, ಒಟ್ಟು 0ಎ ಸಂಖ್ಯೆ 451 ಇದೆಯೇ ಎಂದು ಎಣಿಸಿ. ಎರಡಕ್ಕೂ ಹೌದು ಎಂದಾದರೆ ಪ್ರತಿ 0ಎ ಹಿಂದಿನ ಒಂದೊಂದೇ 0ಡಿಯನ್ನು ತೆಗೆದುಹಾಕಿ. ಗಾತ್ರ 1,43,360ಕ್ಕೆ ಬಂದು ನಿಲ್ಲುತ್ತದೆ, ಇಮೇಜ್ ಪೂರ್ತಿಯಾಗಿ ಉಳಿಯುತ್ತದೆ. ಇದು ನಿಮ್ಮ ಅದೃಷ್ಟವೆಂದೇ ಹೇಳಬೇಕು. ಸಾಗಾಣಿಕೆ ಎದುರು ದಿಕ್ಕಿನಲ್ಲಿ ನಡೆದು ಫೈಲು ಕುಗ್ಗಿದ್ದರೆ, ಯಾವ 0ಎ ಹಿಂದೆ ಮೊದಲು 0ಡಿ ಇತ್ತು, ಯಾವುದರ ಹಿಂದೆ ಇರಲಿಲ್ಲ ಎಂದು ಹೇಳುವ ದಾರಿಯೇ ಇರುತ್ತಿರಲಿಲ್ಲ.

ಪ್ರಶ್ನೆ: ಕಮೊಡೋರ್ 64ರ ಆಟವೊಂದರ ‘ಜಿ64’ ಇಮೇಜನ್ನು, ಎಸ್‌ಡಿ ಕಾರ್ಡಿನಿಂದ ಓದುವ ಎಸ್‌ಡಿ2ಐಇಸಿ ಸಾಧನಕ್ಕಾಗಿ ‘ಡಿ64’ಗೆ ಬದಲಿಸಿದೆ. ಡೈರೆಕ್ಟರಿ ಕಾಣುತ್ತದೆ, ಮೊದಲ ಪರದೆಯೂ ಬರುತ್ತದೆ, ಬಳಿಕ ಆಟ ಸ್ತಬ್ಧವಾಗುತ್ತದೆ. ಬೇರೆ ಯಾವ ಪರಿವರ್ತಕವನ್ನು ಬಳಸಬೇಕು?

ಉತ್ತರ: ಪರಿವರ್ತಕವನ್ನು ಬದಲಿಸಿದರೆ ಪ್ರಯೋಜನವಾಗುವ ಸಂಭವ ಕಡಿಮೆ, ಏಕೆಂದರೆ ಆಟ ಹುಡುಕುತ್ತಿರುವ ವಸ್ತುವಿಗೆ ಡಿ64ರಲ್ಲಿ ಜಾಗವೇ ಇಲ್ಲ.

ಕಮೊಡೋರ್ 64ರ ಫ್ಲಾಪಿ ಡ್ರೈವ್ ಆದ 1541 ಹೊರಗಿನ ಟ್ರ್ಯಾಕ್‌ಗಳಲ್ಲಿ ಹೆಚ್ಚು, ಒಳಗಿನವುಗಳಲ್ಲಿ ಕಡಿಮೆ ಸೆಕ್ಟರ್‌ಗಳನ್ನು ಬರೆಯುತ್ತದೆ: ಮೊದಲ 17 ಟ್ರ್ಯಾಕ್‌ಗಳಲ್ಲಿ 21, ನಂತರದ 7ರಲ್ಲಿ 19, ಮುಂದಿನ 6ರಲ್ಲಿ 18, ಕೊನೆಯ 5ರಲ್ಲಿ 17. ಒಟ್ಟು 683 ಸೆಕ್ಟರ್. ಡಿ64 ಎಂದರೆ ಈ 683 ಸೆಕ್ಟರ್‌ಗಳ ದತ್ತಾಂಶವನ್ನು ಒಂದರ ಹಿಂದೊಂದು ಇಟ್ಟ 1,74,848 ಬೈಟ್‌ಗಳು, ಅಷ್ಟೇ. ಜಿ64ರಲ್ಲಾದರೋ, ಡ್ರೈವಿನ ತಲೆ ಕೇಳುವ ರೂಪದಲ್ಲಿಯೇ, ನಾಲ್ಕು ಬಿಟ್‌ಗಳನ್ನು ಐದು ಬಿಟ್‌ಗಳಾಗಿ ಬರೆಯುವ ಸಂಕೇತದಲ್ಲಿಯೇ, ಟ್ರ್ಯಾಕ್ ಇಡಿಯಾಗಿ ಇರುತ್ತದೆ. ಸೆಕ್ಟರ್‌ಗಳ ನಡುವಿನ ಖಾಲಿ ಜಾಗ, ಓದಲು ಶುರುಮಾಡಬೇಕಾದ ಜಾಗ ತೋರಿಸುವ ಸಿಂಕ್ ಗುರುತುಗಳ ಉದ್ದ, ಪ್ರತಿ ಸೆಕ್ಟರ್‌ನ ತಲೆಬರಹದಲ್ಲಿರುವ ಡಿಸ್ಕ್ ಗುರುತು, 35ನ್ನು ಮೀರಿದ ಟ್ರ್ಯಾಕ್‌ಗಳು, ಎರಡು ಟ್ರ್ಯಾಕ್‌ಗಳ ನಡುವೆ ಬರೆದ ಅರ್ಧ ಟ್ರ್ಯಾಕ್‌ಗಳು, ಇವೆಲ್ಲವೂ ಅದರಲ್ಲಿ ಉಳಿಯಬಲ್ಲವು. ನಕಲು ತಡೆಯಲು ಆಟ ತಯಾರಿಸಿದವರು ತಮ್ಮ ಗುರುತನ್ನು ಬಚ್ಚಿಡುತ್ತಿದ್ದುದೇ ಇಂಥ ಮೂಲೆಗಳಲ್ಲಿ. ಡಿ64ಗೆ ಬದಲಿಸಿದ ಕೂಡಲೇ ಅವೆಲ್ಲ ಉದುರಿಹೋಗುತ್ತವೆ. ಆ ಡಿ64ನ್ನು ಮತ್ತೆ ಜಿ64 ಮಾಡಿದರೆ ಉದುರಿದ್ದು ಬರುವುದಿಲ್ಲ. ಪ್ರೋಗ್ರಾಂ ತನಗೆ ತಿಳಿದಂತೆ ಹೊಸ ಸಿಂಕ್, ಹೊಸ ಖಾಲಿ ಜಾಗಗಳನ್ನು ತುಂಬಿ ಕೊಡುತ್ತದೆ.

ಒಂದು ನಡುದಾರಿ ಉಂಟು. ಕೆಲವು ಹಳೆಯ ಆಟಗಳು ಬೇಕೆಂದೇ ಕೆಡಿಸಿದ ಸೆಕ್ಟರನ್ನು ಓದಿ, ದೋಷಸಂಖ್ಯೆ ಬಂದರೆ ಮಾತ್ರ ಮುಂದುವರಿಯುತ್ತವೆ. ಅವುಗಳಿಗೆ, ಸೆಕ್ಟರ್‌ಗೆ ಒಂದರಂತೆ 683 ದೋಷಬೈಟ್‌ಗಳನ್ನು ಕೊನೆಯಲ್ಲಿ ಸೇರಿಸಿದ 1,75,531 ಬೈಟ್‌ಗಳ ಡಿ64 ಸಾಕಾಗಬಹುದು. ಆದರೆ ಡ್ರೈವಿನೊಳಗಿನ ಪ್ರೊಸೆಸರ್‌ಗೇ ತನ್ನ ಪ್ರೋಗ್ರಾಂ ಇಳಿಸಿ ಕೆಲಸ ಮಾಡಿಸುವ ಆಟಗಳಿಗೆ ನಿಮ್ಮ ಸಾಧನವೇ ತೊಡಕು, ಏಕೆಂದರೆ ಎಸ್‌ಡಿ2ಐಇಸಿ ಆ ಪ್ರೊಸೆಸರನ್ನು ಅನುಕರಿಸುವುದಿಲ್ಲ. ವೈಸ್ ಎಮ್ಯುಲೇಟರ್‌ನಲ್ಲಿ ಡ್ರೈವಿನ ಪೂರ್ಣ ಅನುಕರಣೆಯನ್ನು ಹಾಕಿಕೊಂಡು ಜಿ64ನ್ನೇ ನೇರವಾಗಿ ಓಡಿಸಿ ನೋಡಿ. ಅಸಲಿ ಕಂಪ್ಯೂಟರೇ ಬೇಕೆಂದರೆ 1541 ಅಲ್ಟಿಮೇಟ್ ಅಥವಾ ಪೈ1541 ಎಂಬ, ಡ್ರೈವನ್ನು ಅನುಕರಿಸುವ ಸಾಧನಗಳು ಜಿ64ನ್ನು ಹಾಗೆಯೇ ತೆಗೆದುಕೊಳ್ಳುತ್ತವೆ. ನನ್ನ ಮಟ್ಟಿಗೆ, ಓಡುತ್ತಿರುವ ಜಿ64 ಇರುವಾಗ ಅದನ್ನು ಡಿ64 ಮಾಡುವ ಶ್ರಮ ವ್ಯರ್ಥ.

ಪ್ರಶ್ನೆ: ಅಟಾರಿ ಎಸ್‌ಟಿಯ ‘ಎಂಎಸ್‌ಎ’ ಫೈಲನ್ನು ‘ಎಸ್‌ಟಿ’ಗೆ ಬದಲಿಸಿದರೂ ಹೀಗೆ ಏನಾದರೂ ಕಳೆದುಹೋಗುತ್ತದೆಯೇ?

ಉತ್ತರ: ಇಲ್ಲ. ಎರಡರಲ್ಲಿಯೂ ಇರುವುದು ಸೆಕ್ಟರ್‌ಗಳೇ. ಎಂಎಸ್‌ಎ ಎಂಬುದು 0ಇ 0ಎಫ್ ಎಂದು ಆರಂಭವಾಗುವ ಹತ್ತು ಬೈಟ್‌ಗಳ ಹೆಡರ್ ಇರುವ, ಒಂದೇ ಬೈಟ್ ಸಾಲಾಗಿ ಬಂದಲ್ಲಿ ಅದನ್ನು ಎಣಿಕೆಯಾಗಿ ಬರೆದು ಕುಗ್ಗಿಸಿದ ರೂಪ. ಎಸ್‌ಟಿ ಎಂಬುದು ಅದನ್ನು ಬಿಚ್ಚಿ ಹರಡಿದ ರೂಪ. ಎರಡು ಬದಿ, 80 ಟ್ರ್ಯಾಕ್, 9 ಸೆಕ್ಟರ್‌ನ ಡಿಸ್ಕ್ ಆದರೆ ಬಿಚ್ಚಿದ ಮೇಲೆ 7,37,280 ಬೈಟ್ ಬರಬೇಕು. 10 ಸೆಕ್ಟರ್‌ನದಾದರೆ 8,19,200. ಮ್ಯಾಕಿಂಟಾಷ್‌ನ 800ಕೆ ಡಿಸ್ಕಿನ ಬರಿಯ ಇಮೇಜ್ ಕೂಡ 8,19,200 ಬೈಟ್‌ಗಳೇ ಇರುತ್ತದೆ, ಆದ್ದರಿಂದ ಗಾತ್ರವೊಂದನ್ನೇ ನೋಡಿ ಯಂತ್ರವನ್ನು ಊಹಿಸಬೇಡಿ. ಮರಳಿ ಎಂಎಸ್‌ಎ ಮಾಡಿ ಮೂಲದೊಂದಿಗೆ ಹೋಲಿಸುವುದಾದರೂ ಎರಡನ್ನೂ ಬಿಚ್ಚಿದ ಮೇಲೆಯೇ ಹೋಲಿಸಿ: ಕುಗ್ಗಿಸುವ ಜಾಣತನ ಪ್ರೋಗ್ರಾಂನಿಂದ ಪ್ರೋಗ್ರಾಂಗೆ ಬೇರೆಯಾಗಿರುವುದರಿಂದ ಒಳಗಿನ ಡಿಸ್ಕ್ ಒಂದೇ ಆಗಿದ್ದರೂ ಎಂಎಸ್‌ಎ ಫೈಲುಗಳು ಬೇರೆಬೇರೆಯಾಗಿ ಕಾಣಬಹುದು.

ಪ್ರಶ್ನೆ: ನನ್ನ ಅಮಿಗಾ ಫ್ಲಾಪಿಗಳನ್ನು ಗ್ರೀಸ್‌ವೀಸಲ್ ಎಂಬ ಫ್ಲಾಪಿ ಓದುವ ಸಾಧನ ಬಳಸಿ ಫ್ಲಕ್ಸ್ ಇಮೇಜ್‌ಗಳಾಗಿ ತೆಗೆದಿದ್ದೇನೆ. ಒಂದೊಂದೂ ಹತ್ತಾರು ಮೆಗಾಬೈಟ್ ಇದೆ. ‘ಎಡಿಎಫ್’ ಮಾಡಿದರೆ 9,01,120 ಬೈಟ್‌ಗೆ ಇಳಿಯುತ್ತದೆ. ಎಡಿಎಫ್ ಮಾಡಿದ ಮೇಲೆ ಫ್ಲಕ್ಸ್ ಫೈಲುಗಳನ್ನು ಅಳಿಸಬಹುದೇ?

ಉತ್ತರ: ಅಳಿಸಬೇಡಿ, ಈ ಸಲಹೆಯ ಹಿಂದೆ ನನ್ನದೇ ಒಂದು ಪೆಟ್ಟಿದೆ. ಹಿಂದೊಮ್ಮೆ ಹಾರ್ಡ್ ಡಿಸ್ಕಿನಲ್ಲಿ ಜಾಗ ಉಳಿಸುವ ಆತುರದಲ್ಲಿ ನಾನೂ ಹಾಗೆಯೇ ಮಾಡಿದ್ದೆ. ಬಹಳ ಕಾಲದ ಮೇಲೆ ಒಂದು ಎಡಿಎಫ್ ತೆರೆದಾಗ, ನಾನೇ ಬರೆದಿದ್ದ ದಾಖಲೆಯೊಂದರ ನಡುವೆ ಒಂದು ಸೆಕ್ಟರ್ ಉದ್ದದ ಸೊನ್ನೆಗಳು ಕಂಡವು. ಬದಲಿಸುವಾಗ ಆ ಸೆಕ್ಟರ್ ಓದಲಾಗಿರಲಿಲ್ಲ. ಪ್ರೋಗ್ರಾಂ ಅದನ್ನು ಪರದೆಯ ಮೇಲೆ ಹೇಳಿಯೂ ಇದ್ದಿರಬೇಕು, ನಾನು ಗಮನಿಸಿರಲಿಲ್ಲ.

ಎಡಿಎಫ್‌ನ ಮುಖ್ಯ ಕೊರತೆ ಇದೇ. 80 ಟ್ರ್ಯಾಕ್, ಎರಡು ಬದಿ, 11 ಸೆಕ್ಟರ್, 512 ಬೈಟ್ ಎಂಬ ಲೆಕ್ಕದ ಹೊರಗೆ ಅದರಲ್ಲಿ ಒಂದು ಬೈಟ್ ಕೂಡ ಇಲ್ಲ. ‘ಈ ಸೆಕ್ಟರ್ ಸಿಗಲಿಲ್ಲ’ ಎಂದು ಬರೆದಿಡಲು ಸ್ಥಳವಿಲ್ಲ. ಓದಲಾಗದ ಸೆಕ್ಟರ್‌ನ ಜಾಗದಲ್ಲಿ ಏನನ್ನಾದರೂ ತುಂಬಲೇಬೇಕಾಗುತ್ತದೆ, ತುಂಬಿದ ಮೇಲೆ ಅದು ಅಸಲಿ ದತ್ತಾಂಶದಿಂದ ಬೇರೆಯಾಗಿ ಕಾಣುವುದಿಲ್ಲ. ಈ ವಿಷಯದಲ್ಲಿ ಪಿಸಿ ಮತ್ತು ಸಿಪಿ/ಎಂ ಡಿಸ್ಕುಗಳಿಗೆ ಬಳಸುವ ‘ಐಎಂಡಿ’ ಫಾರ್ಮ್ಯಾಟ್ ಮೇಲು, ಏಕೆಂದರೆ ದೋಷದೊಂದಿಗೆ ಓದಿದ ಸೆಕ್ಟರನ್ನು ಅದು ಹಾಗೆಂದೇ ಗುರುತು ಹಾಕಿ ಇಡುತ್ತದೆ.

ಫ್ಲಕ್ಸ್ ಇಮೇಜ್‌ನಲ್ಲಿ ಇರುವುದು ಬೈಟ್‌ಗಳಲ್ಲ. ತಲೆಯ ಕೆಳಗೆ ಕಾಂತೀಯ ದಿಕ್ಕು ಬದಲಾದಾಗಲೆಲ್ಲ ಕಳೆದ ಕಾಲದ ಅಳತೆ. ಡ್ರೈವ್ ನಿಮಿಷಕ್ಕೆ 300 ಸುತ್ತು ತಿರುಗುವುದರಿಂದ ಒಂದು ಸುತ್ತಿಗೆ 200 ಮಿಲಿಸೆಕೆಂಡು, ಮತ್ತು ಒಂದೇ ಟ್ರ್ಯಾಕನ್ನು ಹಲವು ಸುತ್ತು ಓದಿಟ್ಟಿದ್ದರೆ ಒಂದು ಸುತ್ತಿನಲ್ಲಿ ತಪ್ಪಿದ ಸೆಕ್ಟರ್ ಇನ್ನೊಂದರಲ್ಲಿ ಸಿಗುವುದುಂಟು. ಇಂದಿನ ಪ್ರೋಗ್ರಾಂ ಬಿಡಿಸಲಾರದ ಟ್ರ್ಯಾಕನ್ನು ಮುಂದೆ ಬರುವ ಇನ್ನೊಂದು ಪ್ರೋಗ್ರಾಂ ಅದೇ ಅಳತೆಗಳಿಂದ ಬಿಡಿಸಬಹುದು. ಅಷ್ಟರೊಳಗೆ ಫ್ಲಾಪಿಯ ಲೇಪನವೇ ಕಿತ್ತುಬಂದಿದ್ದರೆ ನಿಮಗೆ ಉಳಿಯುವುದು ಆ ಫೈಲು ಮಾತ್ರ.

ದಿನಬಳಕೆಗೆ ಎಡಿಎಫ್ ಮಾಡಿಕೊಳ್ಳಿ. ಬದಲಿಸುವಾಗ ಪ್ರೋಗ್ರಾಂ ಪರದೆಯಲ್ಲಿ ತೋರಿಸಿದ ವರದಿಯನ್ನು ಪೂರ್ತಿಯಾಗಿ ಒಂದು ಪಠ್ಯಫೈಲಿಗೆ ಉಳಿಸಿ, ಅದನ್ನು ಎಡಿಎಫ್‌ನ ಹೆಸರಿನಲ್ಲಿಯೇ ಪಕ್ಕದಲ್ಲಿ ಇಡಿ. ಎಲ್ಲ 1,760 ಸೆಕ್ಟರ್‌ಗಳೂ ಸಿಕ್ಕಿವೆಯೆಂದು ವರದಿ ಹೇಳದ ಡಿಸ್ಕುಗಳನ್ನು ಬೇರೆ ಮಾಡಿ, ತಲೆಯನ್ನು ಶುಚಿಗೊಳಿಸಿದ ಮೇಲೆ, ಸಾಧ್ಯವಾದರೆ ಇನ್ನೊಂದು ಡ್ರೈವಿನಲ್ಲಿ, ಮತ್ತೊಮ್ಮೆ ಓದಿಸಿ. ಫ್ಲಕ್ಸ್ ಫೈಲುಗಳನ್ನು ಜಿಪ್ ಮಾಡಿದರೆ ಸಾಕಷ್ಟು ಜಾಗ ಉಳಿಯುತ್ತದೆ.