ತುಂಗೆ ತಾನೇ ತೊಳೆದುಕೊಳ್ಳಲಿ ಅನ್ನಬಹುದೇ?

ತೀರ್ಥಹಳ್ಳಿ ಕಡೆಯ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮದು ಸಣ್ಣ ಊರು. ಇಷ್ಟು ಮಳೆ ಬೀಳುವ ಮಲೆನಾಡಿಗೆ ಕೋಟಿಗಟ್ಟಲೆ ಸುರಿದು ಕೊಳಚೆ ನೀರು ಶುದ್ಧ ಮಾಡುವ ಘಟಕ ಯಾಕೆ? ಹರಿಯುವ ಹೊಳೆ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಅಜ್ಜನ ಕಾಲದಿಂದ ಹೀಗೇ ನಡೆದಿದೆ. ಆ ದುಡ್ಡಲ್ಲಿ ರಸ್ತೆ ಮಾಡಲಿ.’

ಮಾನ್ಯರೇ, ಹೊಳೆ ತನ್ನನ್ನು ತೊಳೆದುಕೊಳ್ಳುತ್ತದೆ ಎಂಬ ಮಾತು ಸುಳ್ಳಲ್ಲ. ಜುಲೈ ತಿಂಗಳ ತುಂಗೆಯನ್ನು ನೋಡಿದವರು ಅದನ್ನು ಒಪ್ಪಲೇಬೇಕು. ಆದರೆ ಏಪ್ರಿಲ್‌ನಲ್ಲಿ ಹೊಳೆಗೆ ಇಳಿದು ನೋಡಿದ್ದೀರಾ? ಬಂಡೆಗಳೆಲ್ಲ ಎದ್ದಿರುತ್ತವೆ, ನೀರು ಗುಂಡಿಗಳಲ್ಲಿ ನಿಂತಿರುತ್ತದೆ. ಮಳೆ ನಿಂತರೂ ನಮ್ಮ ಬಚ್ಚಲು ನಿಲ್ಲುವುದಿಲ್ಲವಲ್ಲ.

ಸುಮ್ನೆ ಒಂದು ಲೆಕ್ಕ ಹಾಕೋಣ. ಊರಿನ ನೀರಿನ ಯೋಜನೆ ಮಾಡುವಾಗ ತಲೆಗೆ ದಿನಕ್ಕೆ 135 ಲೀಟರ್ ಹಿಡಿಯುತ್ತಾರೆ. ಅದರಲ್ಲಿ ಸುಮಾರು ಶೇ. 80ರಷ್ಟು ಚರಂಡಿಗೆ ಬರುತ್ತದೆ. 20,000 ಜನರ ಊರಾದರೆ ದಿನಕ್ಕೆ 21 ಲಕ್ಷ ಲೀಟರ್‌ಗೂ ಜಾಸ್ತಿ. ನಿಮ್ಮ ಅಜ್ಜನ ಕಾಲದಲ್ಲಿ ಫ್ಲಶ್ ಇರಲಿಲ್ಲ, ಸೋಪಿನ ಪುಡಿ ಇರಲಿಲ್ಲ. ಬಚ್ಚಲ ನೀರು ಬಾಳೆ ಬುಡಕ್ಕೆ ಹೋಗುತ್ತಿತ್ತು. ಅಜ್ಜನ ಹೆಸರು ಹೇಳುವವರು ಅಜ್ಜನ ಬಾಳೆ ಬುಡವನ್ನು ಮರೆಯಬಾರದು ಅಲ್ವಾ?

ಕೊಳಚೆ ಹೊಳೆಗೆ ಬಿದ್ದರೆ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿಬಿಡುತ್ತವೆ. ಮೀನಿಗೆ ಉಸಿರು ಕಟ್ಟುತ್ತದೆ. ಶೃಂಗೇರಿಯಲ್ಲಿ ನಾವು ಮಂಡಕ್ಕಿ ಹಾಕಿ ಕೈಮುಗಿಯುವುದು ಇದೇ ಹೊಳೆಯ ಮೀನಿಗೆ. ಘಟಕ ಮಾಡುವುದು ಇಷ್ಟೇ: ಹೊಳೆಯಲ್ಲಿ ಆಗುವ ಆ ಕೆಲಸವನ್ನು ತೊಟ್ಟಿಯಲ್ಲಿ ಗಾಳಿ ಊದಿ ಮೊದಲೇ ಮುಗಿಸುತ್ತದೆ.

ಮಲೆನಾಡಿನ ಅಂಚಿನ ಒಂದು ಊರಲ್ಲಿ ಇಂಥ ಘಟಕ ನೋಡಲು ಹೋಗಿದ್ದೆ. ಮೂಗು ಮುಚ್ಚಲು ಕರವಸ್ತ್ರ ತೆಗೆದಿದ್ದೆ, ಬೇಕಾಗಲಿಲ್ಲ. ಗಾಳಿ ಊದುವ ತೊಟ್ಟಿಯ ಹತ್ತಿರ ಒದ್ದೆ ಮಣ್ಣಿನ ವಾಸನೆ ಇತ್ತು. ನೋಡಿಕೊಳ್ಳುವ ಹುಡುಗ ಒಂದು ಲೀಟರ್ ಜಾಡಿಯಲ್ಲಿ ಆ ಕಂದು ನೀರು ಹಿಡಿದಿಟ್ಟ. ಅರ್ಧ ಗಂಟೆಯಲ್ಲಿ ಕೆಸರು ತಳಕ್ಕೆ ಕೂತಿತು, ಮೇಲೆ ತಿಳಿನೀರು. ‘ಕೊಳಚೆ ತಿನ್ನೋ ಜೀವಿಗಳು ಈ ಕೆಸರಲ್ಲೇ ಇರೋದು, ಇದು ಹೆಪ್ಪು ಇದ್ದ ಹಾಗೆ ಸಾರ್. ಸ್ವಲ್ಪ ವಾಪಸ್ ತೊಟ್ಟಿಗೆ ಬಿಡ್ತೀವಿ. ಕರೆಂಟ್ ಹೋಗಿ ಗಾಳಿ ನಿಂತರೆ ಹೆಪ್ಪು ಸತ್ತುಹೋಗುತ್ತೆ’ ಅಂದ. ಜನರೇಟರ್ ಇತ್ತು, ಡೀಸೆಲ್ ಇರಲಿಲ್ಲ. ಅವನಿಗೆ ಮೂರು ತಿಂಗಳಿಂದ ಸಂಬಳವೂ ಬಂದಿರಲಿಲ್ಲ.

ಈ ಹೆಪ್ಪಿನ ವಿದ್ಯೆಗೆ ನೂರು ದಾಟಿದ ವಯಸ್ಸು. 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ರಸಾಯನಶಾಸ್ತ್ರಜ್ಞರಾದ ಆರ್ಡರ್ನ್ ಮತ್ತು ಲಾಕೆಟ್ ಇದನ್ನು ಪ್ರಕಟಿಸಿದರು. ಅವರನ್ನು ಈ ದಾರಿಗೆ ಹಚ್ಚಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೇ ಪ್ರಾಧ್ಯಾಪಕರಾಗಿ ಬಂದರು. ವಿದ್ಯೆ ಬಲ್ಲವರು ಆಗಲೇ ನಮ್ಮ ನಾಡಿಗೆ ಬಂದಿದ್ದರು. ನಮ್ಮ ಸಣ್ಣ ಊರುಗಳಿಗೆ ತಲುಪಲು ಇಷ್ಟು ಕಾಲ ಬೇಕಾಯಿತು. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಶಂಕುಸ್ಥಾಪನೆಗೆ ಶಾಮಿಯಾನ ಬರುತ್ತದೆ, ಉದ್ಘಾಟನೆಗೆ ಕಲ್ಲು ಬರುತ್ತದೆ. ಮರುವರ್ಷದ ಡೀಸೆಲ್ಲಿಗೆ ದುಡ್ಡಿಲ್ಲ. ಶಾಲೆಯ ಶೌಚಾಲಯ, ಊರಿನ ಗ್ರಂಥಾಲಯ, ಬಸ್ ನಿಲ್ದಾಣದ ನಲ್ಲಿ, ಎಲ್ಲದರದ್ದೂ ಇದೇ ಪಾಡು. ಕಟ್ಟುವವರಿಗೆ ಹಾರ ಹಾಕುತ್ತೇವೆ, ನಡೆಸುವವರ ಹೆಸರೂ ಕೇಳುವುದಿಲ್ಲ. ನೀವು ಕೇಳುವ ರಸ್ತೆಯೂ ಹಾಗೇ ಗುಂಡಿ ಬೀಳುತ್ತದೆ.

‘ಗಂಗಾ ಸ್ನಾನ, ತುಂಗಾ ಪಾನ’ ಎಂದು ಪತ್ರದ ಕೊನೆಗೆ ಬರೆದಿದ್ದೀರಿ. ನನಗೂ ಅದು ಬಾಯಿಪಾಠ. ನಿಮ್ಮ ಊರು ದಾಟಿದ ಈ ನೀರನ್ನೇ ಶಿವಮೊಗ್ಗದವರು ಕುಡಿಯುತ್ತಾರೆ. ಕೂಡ್ಲಿಯಲ್ಲಿ ಭದ್ರೆಯನ್ನು ಸೇರಿ ಅದು ಹೊನ್ನಾಳಿಗೆ, ಹರಿಹರಕ್ಕೆ ಹೋಗುತ್ತದೆ. ಅಲ್ಲಿಯ ಮಕ್ಕಳ ಲೋಟಕ್ಕೂ ಬರುತ್ತದೆ.

ಘಟಕ ಕಟ್ಟಿದರೆ ಸಾಲದು, ಮನೆಮನೆಯ ಪೈಪು ಅದಕ್ಕೆ ಸೇರಬೇಕು. ಹಾಗಾಗಿ ಒಂದು ಕೆಲಸ ಮಾಡಿ. ನಿಮ್ಮ ಬಚ್ಚಲ ಪೈಪು ಹಿಡಿದು, ಅದು ಮುಗಿಯುವ ತನಕ ನಡೆದು ಹೋಗಿ. ಎಲ್ಲಿ ಹೊಳೆ ಸೇರುತ್ತದೆ ಎಂದು ನೋಡಿ ನನಗೆ ಬರೆಯಿರಿ. ಆ ಪತ್ರವನ್ನೂ ಅಚ್ಚು ಹಾಕುತ್ತೇನೆ.