ಕುರ್ಮಾಂಜಿ–ಸೊರಾನಿ ಅಂತರ ಮಲಯ್‌ನದರಂತಲ್ಲ

ಮಾನ್ಯರೇ, ಕುರ್ದಿಶ್ ಭಾಷೆಯ ಎರಡು ಮುಖ್ಯ ಪ್ರಭೇದಗಳಾದ ಕುರ್ಮಾಂಜಿ ಮತ್ತು ಸೊರಾನಿಗಳ ನಡುವಿನ ಅಂತರವು ಮಲೇಷ್ಯಾ, ಇಂಡೊನೇಷ್ಯಾಗಳ ಮಲಯ್ ರೂಪಗಳ ನಡುವಿನಷ್ಟೇ ಇದೆಯೇ ಎಂದು ಕೇಳಿದ್ದೀರಿ; ಖಂಡಿತ ಅಷ್ಟೇ ಅಲ್ಲ, ಬಹಳ ಹೆಚ್ಚು. ಕುರ್ದಿಶ್‌ನಲ್ಲಿ ಭೇದವು ವ್ಯಾಕರಣದ ಬೇರಿಗೇ ಇಳಿದಿದೆ. ‘ನಾನು ಹೋಗುತ್ತೇನೆ’ ಎನ್ನಲು ಕುರ್ಮಾಂಜಿಯವರು ‘ಎಝ್ ದಿಚಿಮ್’ ಎಂದೂ ‘ನಾನು ನೋಡಿದೆ’ ಎನ್ನಲು ‘ಮಿನ್ ದೀತ್’ ಎಂದೂ ಹೇಳುತ್ತಾರೆ, ಅಂದರೆ ಸಕರ್ಮಕ ಕ್ರಿಯಾಪದದ ಭೂತಕಾಲದಲ್ಲಿ ‘ನಾನು’ ಎಂಬ ಪದವೇ ಬದಲಾಗುತ್ತದೆ. ಇರಾಕಿನ ಸುಲೈಮಾನಿಯಾ ನಗರದ ಸೊರಾನಿಯಲ್ಲಾದರೋ ಎರಡಕ್ಕೂ ‘ಮಿನ್’ ಒಂದೇ, ನಾಮಪದಗಳ ಲಿಂಗಭೇದವೂ ಅಳಿದುಹೋಗಿದೆ. ಲಿಪಿಯೂ ಬೇರೆ: ಕುರ್ಮಾಂಜಿಗೆ ಹೆಚ್ಚಾಗಿ ಲ್ಯಾಟಿನ್, ಸೊರಾನಿಗೆ ಅರಬ್ಬೀ ಮೂಲದ್ದು. ಆದರೆ ಮಲೇಷ್ಯಾ ಮತ್ತು ಇಂಡೊನೇಷ್ಯಾಗಳು 1972ರಲ್ಲಿ ತಮ್ಮ ಕಾಗುಣಿತವನ್ನೇ ಪರಸ್ಪರ ಹೊಂದಿಸಿಕೊಂಡವು. ಮಲಯ್‌ನ ನಿಜವಾದ ವೈವಿಧ್ಯವನ್ನು ತಿಳಿಯಬೇಕಿದ್ದರೆ ದಯವಿಟ್ಟು ಮಲೇಷ್ಯಾದ ಕೆಲಾಂಟಾನ್ ರಾಜ್ಯದ ಆಡುಮಾತನ್ನು ಕೇಳಿ. ‘ತಿನ್ನು’ ಎಂಬರ್ಥದ ಶಿಷ್ಟರೂಪ ‘ಮಕಾನ್’ ಅಲ್ಲಿ ‘ಮಕೆ’ ಎಂದಾಗಿದೆ.