ಓದುಗರ ಪ್ರಶ್ನೆ, ನನ್ನ ಉತ್ತರ: ಎರಡು ಸಾವಿರ ಗಜ ನೂಲು ಅಂದ್ರೆ ಎಷ್ಟು?

ಸ್ವದೇಶಿ ಚಳವಳಿಯ ಬಗ್ಗೆ ಏನಾದರೂ ಕೇಳಿ ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ನಾನು ಇತಿಹಾಸ ಓದಿಕೊಂಡು ಪದವಿ ತಗೊಂಡವಳಲ್ಲ. ಧಾರವಾಡದ ಕಡೆ ಒಂದು ಖಾದಿ ಕೇಂದ್ರದಲ್ಲಿ 31 ವರ್ಷ ನೂಲು ಎಣಿಸಿ, ತೂಗಿ, ಲೆಕ್ಕ ಬರೆದವಳು. ಹಾಗಾಗಿ ನನ್ನ ಉತ್ತರಗಳಲ್ಲಿ ನೂಲೇ ಜಾಸ್ತಿ.

ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ, ಸದಸ್ಯರಾಗಬೇಕಾದರೆ ತಿಂಗಳಿಗೆ 2,000 ಗಜ ನೂಲು ಕೊಡಬೇಕು ಅಂತ ನಿಯಮ ಮಾಡಿದ್ದರಂತೆ. ಅದು ಎಷ್ಟಾಗುತ್ತದೆ? ಒಬ್ಬರ ಬಟ್ಟೆಗೆ ಸಾಕಾಗುತ್ತಿತ್ತಾ?
*— ಓದುಗರೊಬ್ಬರು, ಗದಗ*

ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು. 1924ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷರಾಗಿದ್ದು ಅದೊಂದೇ ಸಲ. ನಿಯಮ ಆಗಿದ್ದೂ ನಿಜ. ತಿಂಗಳಿಗೆ 2,000 ಗಜ, ವರ್ಷಕ್ಕೆ 24,000 ಗಜ. ನೂಲುವುದಕ್ಕೆ ಆಗದವರು, ಮನಸ್ಸಿಲ್ಲದವರು ಬೇರೆಯವರಿಂದ ನೂಲಿಸಿ ಕೊಡಬಹುದಿತ್ತು.

ಈಗ ಲೆಕ್ಕಕ್ಕೆ ಬರೋಣ. ನಮ್ಮ ಅಜ್ಜಿ ಉಡುತ್ತಿದ್ದದ್ದು ಹದಿನಾರು ಮೊಳದ ಸೀರೆ. ಅಂದರೆ 8 ಗಜ. ಪನ್ನ, ಅಂದರೆ ಅಗಲ, 45 ಅಂಗುಲ ಅಂತ ಇಟ್ಟುಕೊಳ್ಳಿ. ಒಂದು ಅಂಗುಲದಲ್ಲಿ 40 ಎಳೆ ಹಿಡಿದರೆ ಹಾಸಿನಲ್ಲಿ, ಅಂದರೆ ಉದ್ದಕ್ಕೆ ಹೋಗುವ ನೂಲಿನಲ್ಲಿ, 1,800 ಎಳೆ. ಒಂದೊಂದು ಎಳೆಯೂ 8 ಗಜ ಉದ್ದ. ಅಲ್ಲಿಗೆ 14,400 ಗಜ ಆಯಿತು. ಹೊಕ್ಕಿನ, ಅಂದರೆ ಅಡ್ಡಕ್ಕೆ ಹೋಗುವ ನೂಲಿನ, ಲೆಕ್ಕವೂ ಅಷ್ಟೇ ಬರುತ್ತದೆ. 8 ಗಜಕ್ಕೆ 288 ಅಂಗುಲ, ಅದರಲ್ಲಿ 11,520 ಸಾಲು, ಪ್ರತಿ ಸಾಲೂ ಒಂದೂಕಾಲು ಗಜ. ಇನ್ನೊಂದು 14,400. ಒಟ್ಟು 28,800 ಗಜ.

ಅಂದರೆ ಒಬ್ಬ ಸದಸ್ಯ ವರ್ಷವಿಡೀ ಒಂದು ತಿಂಗಳೂ ತಪ್ಪಿಸದೆ ಕೊಟ್ಟ ನೂಲು ಅಜ್ಜಿಯ ಒಂದು ಸೀರೆಗೆ ಸಾಲುವುದಿಲ್ಲ. ಸೆರಗಿನ ಹತ್ತಿರ ಬಂದು ನಿಲ್ಲುತ್ತದೆ.

ಟೈಮ್ ಎಷ್ಟು ಬೇಕು? ನನ್ನ ಕೈ ಚುರುಕಾಗಿದ್ದಾಗ ರಾಟಿಯಲ್ಲಿ ಗಂಟೆಗೆ 300 ಗಜ ಬರುತ್ತಿತ್ತು. ಹೊಸಬರಿಗೆ 100 ಬಂದರೆ ಪುಣ್ಯ. ದಿನಕ್ಕೆ ಅರ್ಧ ಗಂಟೆ ನೂಲಿ ಅನ್ನುತ್ತಿದ್ದರು ಗಾಂಧೀಜಿ. ತಿಂಗಳಿಗೆ 15 ಗಂಟೆ ಆಯಿತಲ್ವಾ? ಕಲಿಯುವವರು ಹಟ ಹಿಡಿದು ಕೂತರೆ 2,000 ಗಜ ಆಗುವ ಹೊತ್ತೇ ಅದು. ಆದರೆ ವಕೀಲರು, ಡಾಕ್ಟರುಗಳು, ಭಾಷಣಕಾರರು ದಿನಾ ಕೂರಬೇಕಲ್ಲ! ಭಾಷಣಕ್ಕೆ ಒಂದು ಸಂಜೆ ಸಾಕು. ಹಂಜಿ (ನೂಲುವುದಕ್ಕೆ ಸುತ್ತಿಟ್ಟ ಹತ್ತಿಯ ಸುರುಳಿ) ಹಿಡಿದು ಕೂತರೆ ಬೆನ್ನು, ಕಣ್ಣು, ಭುಜ ಎಲ್ಲವೂ ಲೆಕ್ಕ ಕೇಳುತ್ತವೆ. ಮರುವರ್ಷ, 1925ರಲ್ಲೇ, ಪಟನಾದಲ್ಲಿ ಕೂತು ನಿಯಮ ಸಡಿಲ ಮಾಡಿದರು. ನಾಲ್ಕಾಣೆ ಕೊಟ್ಟೂ ಸದಸ್ಯರಾಗಬಹುದು ಅಂತಾಯಿತು. ಅಖಿಲ ಭಾರತ ಚರಕಾ ಸಂಘ ಹುಟ್ಟಿದ್ದೂ ಆಗಲೇ. ನೂಲುವವರಿಗೇ ಒಂದು ಬೇರೆ ಸಂಸ್ಥೆ. ಅದು ಸರಿಯಾದ ತೀರ್ಮಾನ ಅಂತ ನನಗನ್ನಿಸುತ್ತದೆ.

ಅಜ್ಜಿಯ ಆ ಸೀರೆ ನನಗೆ ಚೆನ್ನಾಗಿ ನೆನಪಿದೆ. ದಪ್ಪ ನೂಲು, ಒಂದೂವರೆ ಕಿಲೋ ತೂಕ. ಒದ್ದೆಯಾದರೆ ಇಬ್ಬರು ಎರಡು ತುದಿ ಹಿಡಿದು ಹಿಂಡಬೇಕು. ಮಳೆಗಾಲದಲ್ಲಿ ಮೂರು ದಿನ ಒಣಗುತ್ತಿರಲಿಲ್ಲ. "ದೇಶ ಭಾಳ ಭಾರ ಐತೆವ್ವಾ" ಅಂತ ಅಜ್ಜಿ ನಗುತ್ತಿದ್ದಳು. ಆದರೂ ಬಿಡಲಿಲ್ಲ.

ವಿದೇಶಿ ಬಟ್ಟೆ ಸುಟ್ಟಿದ್ದರಿಂದ ಬ್ರಿಟಿಷರಿಗೆ ನಿಜವಾಗಿ ಪೆಟ್ಟು ಬಿತ್ತಾ? ಸುಡುವ ಬದಲು ಬಡವರಿಗೆ ಕೊಡಬಹುದಿತ್ತಲ್ವಾ?
*— ಓದುಗರೊಬ್ಬರು, ಶಿವಮೊಗ್ಗ*

ಪೆಟ್ಟಂತೂ ಬಿತ್ತು. 1921ರ ಜುಲೈ 31ರಂದು ಮುಂಬಯಿಯ ಪರೇಲ್‌ನಲ್ಲಿ ದೊಡ್ಡ ಹೋಳಿಯೇ ಆಯಿತು. 1920-21ರಲ್ಲಿ 102 ಕೋಟಿ ರೂಪಾಯಿಯಷ್ಟಿದ್ದ ವಿದೇಶಿ ಬಟ್ಟೆಯ ಆಮದು ಮರುವರ್ಷ 57 ಕೋಟಿಗೆ ಇಳಿಯಿತು. ಅಷ್ಟೂ ಬೆಂಕಿಯ ಮಹಿಮೆ ಅನ್ನಬೇಡಿ. ಆಗ ರೂಪಾಯಿ ಬೆಲೆ ಬಿದ್ದಿತ್ತು. ಹಿಂದೆ ಆರ್ಡರ್ ಕೊಟ್ಟ ಮಾಲು ಬಿಡಿಸಿಕೊಂಡರೆ ವ್ಯಾಪಾರಿಗೆ ನಷ್ಟ. "ನಾವು ವಿದೇಶಿ ಬಟ್ಟೆ ಮುಟ್ಟುವುದಿಲ್ಲ" ಅನ್ನುವುದು ಆ ವರ್ಷ ದೇಶಭಕ್ತಿಯೂ ಹೌದು, ಅಂಗಡಿಯ ಲೆಕ್ಕವೂ ಹೌದು. ವ್ಯಾಪಾರಿಗಳನ್ನು ನಾನು ಬೈಯುತ್ತಿಲ್ಲ. ಎರಡೂ ಒಂದೇ ಕಡೆ ತಿರುಗಿದ್ದು ಚಳವಳಿಯ ಅದೃಷ್ಟ.

ಬಡವರ ಮಾತನ್ನು ಆಗಲೇ ರವೀಂದ್ರನಾಥ ಟ್ಯಾಗೋರರು ಎತ್ತಿದ್ದರು. ಮೈಮೇಲೆ ಬಟ್ಟೆ ಇಲ್ಲದ ದೇಶದಲ್ಲಿ ಬಟ್ಟೆ ಸುಡುವುದು ಅವರಿಗೆ ಹಿಡಿಸಲಿಲ್ಲ. ಗಾಂಧೀಜಿ ಒಪ್ಪಲಿಲ್ಲ. ನಾವು ಬೇಡ ಅಂದದ್ದನ್ನು ಬಡವರ ಮೈಮೇಲೆ ಹಾಕುವುದು ಎಂಥ ದಾನ ಅನ್ನುವುದು ಅವರ ಪ್ರಶ್ನೆ. ಇಬ್ಬರ ಮಾತೂ ನನಗೆ ತಟ್ಟುತ್ತದೆ. ಆದರೆ ಕೌಂಟರ್ ಹಿಂದೆ ನಿಂತವಳಾಗಿ ಒಂದು ಮಾತು. ಖಾದಿ ಅವತ್ತೂ ಮಿಲ್ ಬಟ್ಟೆಗಿಂತ ತುಟ್ಟಿ, ಇವತ್ತೂ ತುಟ್ಟಿ. ಹಳೆಯದನ್ನು ಸುಟ್ಟ ಬಡವನಿಗೆ ಮಾರನೇ ದಿನ ಹೊಸದು ಬೇಕಲ್ಲ? ಮೇಲಿನ ಲೆಕ್ಕ ನೋಡಿ, ಒಂದು ಸೀರೆಗೆ ಒಂದು ವರ್ಷದ ನೂಲು ಸಾಲದು. ಆ ಖಾಲಿ ಜಾಗಕ್ಕೆ ಮುಂಬಯಿ, ಅಹಮದಾಬಾದಿನ ಮಿಲ್ಲುಗಳು ನುಗ್ಗಿದವು. ದಪ್ಪ ಬಟ್ಟೆ ನೇಯ್ದು ಖದ್ದರ್ ಅಂತ ಮಾರಿದ ಮಿಲ್ಲುಗಳೂ ಇದ್ದವು.

ಇನ್ನೊಂದು ವಿಷಯ. 1931ರ ಸೆಪ್ಟೆಂಬರ್‌ನಲ್ಲಿ ಗಾಂಧೀಜಿ ಇಂಗ್ಲೆಂಡಿಗೆ ಹೋದಾಗ ಲ್ಯಾಂಕಾಷೈರ್‌ನ ಡಾರ್ವೆನ್ ಅನ್ನುವ ಮಿಲ್ ಊರಿಗೂ ಹೋದರು. ಕೆಲಸ ಕಳೆದುಕೊಂಡವರು ತುಂಬಿದ್ದ ಸೀಮೆ ಅದು. ಅಲ್ಲಿನ ಮಿಲ್ ಹೆಂಗಸರು ಅವರ ಸುತ್ತ ನಿಂತು ಖುಷಿಯಾಗಿ ಕೈ ಎತ್ತಿದ ಫೋಟೋ ಇದೆ. ನಮ್ಮ ಕೇಂದ್ರದ ಗೋಡೆಯ ಮೇಲೂ ಅದನ್ನು ಹಾಕಿದ್ದೆವು. ನೂಲು ಕೊಡಲು ಬಂದ ಹೆಂಗಸರು, "ಅಕ್ಕಾರ, ಇವ್ರ ಹೊಟ್ಟಿಮ್ಯಾಲೆ ಹೊಡದ್ರೂ ಇವ್ರು ನಗಾಕತ್ತಾರಲ್ರೀ" ಅಂತ ಕೇಳೋರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ತೂತ್ತುಕುಡಿಯ ಸ್ವದೇಶಿ ಹಡಗು ಕಂಪನಿಯನ್ನು ಮುಳುಗಿಸಲು ಬ್ರಿಟಿಷ್ ಕಂಪನಿ ಛತ್ರಿ ಹಂಚಿತ್ತಂತೆ. ನಿಜವಾ?
*— ಓದುಗರೊಬ್ಬರು, ಬೆಂಗಳೂರು*

ಹೌದು. 1906ರಲ್ಲಿ ವಿ.ಒ. ಚಿದಂಬರಂ ಪಿಳ್ಳೈ ಆ ಕಂಪನಿ ಕಟ್ಟಿದರು. 25 ರೂಪಾಯಿಯ 40,000 ಷೇರು, ಒಟ್ಟು 10 ಲಕ್ಷದ ಬಂಡವಾಳದ ಯೋಜನೆ. ತೂತ್ತುಕುಡಿಯಿಂದ ಕೊಲಂಬೊಗೆ ಹಡಗು. ಎದುರಿದ್ದ ಬ್ರಿಟಿಷ್ ಕಂಪನಿ ದರ ಇಳಿಸಿತು, ಇವರೂ ಇಳಿಸಿದರು. ಕೊನೆಗೆ ಅವರು ಟಿಕೆಟ್ಟೂ ಬಿಟ್ಟಿ, ಮೇಲೊಂದು ಛತ್ರಿ ಅಂದರು. ಇವತ್ತಿನ ಆಫರ್‌ಗಳನ್ನು ನೋಡಿದವರಿಗೆ ಇದೇನೂ ಹೊಸತಲ್ಲ ಬಿಡಿ. 1908ರಲ್ಲಿ ಪಿಳ್ಳೈ ಅವರನ್ನು ಜೈಲಿಗೆ ಹಾಕಿ ಗಾಣ ಎಳೆಸಿದರು. ಅವರು ಒಳಗಿದ್ದಾಗಲೇ ಕಂಪನಿ ಮುಚ್ಚಿತು.

ಜಪ್ತಿಯಾದ ಜಮೀನು ಕೊಂಡವರ ಮನೆ ಮುಂದೆ ಹೆಂಗಸರು ಉಪವಾಸ ಕೂತಿದ್ದರು ಅಂತ ನಮ್ಮ ಕಡೆ ಹೇಳುತ್ತಾರೆ. ಅದೂ ಬಹಿಷ್ಕಾರವೇ?
*— ಓದುಗರೊಬ್ಬರು, ಶಿರಸಿ*

ನನ್ನ ಪ್ರಕಾರ ಎಲ್ಲಕ್ಕಿಂತ ಕಷ್ಟದ ಬಹಿಷ್ಕಾರ ಅದೇ. ಅಂಕೋಲಾ, ಸಿದ್ದಾಪುರದ ಕಡೆ ರೈತರು ಕಂದಾಯ ಕಟ್ಟುವುದಿಲ್ಲ ಅಂತ ನಿಂತರು. ಸರ್ಕಾರ ಜಮೀನು, ದನ, ಪಾತ್ರೆ ಜಪ್ತಿ ಮಾಡಿ ಹರಾಜಿಗಿಟ್ಟಿತು. ಕೊಳ್ಳುವವರಿಲ್ಲದಿದ್ದರೆ ಹರಾಜು ಎಲ್ಲಿಯದು? ಆದರೆ ಕೆಲವರು ಕೊಂಡರು. ಸಿದ್ದಾಪುರ ತಾಲ್ಲೂಕಿನ ಮಾವಿನಗುಂಡಿಯಲ್ಲಿ 1932ರಲ್ಲಿ ಹೆಂಗಸರು ಅಂಥವರ ಮನೆಯೆದುರು ಉಪವಾಸ ಕೂತರು. ಮ್ಯಾಂಚೆಸ್ಟರ್‌ನವರ ಬಟ್ಟೆ ಬೇಡ ಅನ್ನುವುದು ಸುಲಭ, ಅವರ ಮುಖ ನಾವು ನೋಡಿರುವುದಿಲ್ಲ. ಇಲ್ಲಿ ಎದುರಿಗಿದ್ದವರು ನಾಳೆ ಮದುವೆಯಲ್ಲಿ, ಸಂತೆಯಲ್ಲಿ ಸಿಗುವವರು. ಮಲೆನಾಡಿನ ಅಂಗಳದಲ್ಲಿ ಹಸಿದು ಕೂತು, ಒಳಗಿನಿಂದ ಅನ್ನದ ವಾಸನೆ ಬರುವಾಗ ಏಳದೆ ಇರಬೇಕಲ್ಲ! ಕಳೆದುಹೋದ ಜಮೀನುಗಳು ವಾಪಸ್ ಬಂದದ್ದು 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ.

ಟೀಚರ್ ನೂಲುವುದಕ್ಕೆ ತಕಲಿ (ಕೈಯಲ್ಲಿ ತಿರುಗಿಸುವ ಪುಟ್ಟ ಕದಿರು) ಕೊಟ್ಟಿದ್ದಾರೆ. ನನ್ನ ನೂಲು ಪ್ರತಿ ಸಲ ಹರಿದುಹೋಗುತ್ತದೆ. ಏನು ಮಾಡಲಿ?
*— ಒಂಬತ್ತನೇ ತರಗತಿ ವಿದ್ಯಾರ್ಥಿನಿ, ಹಾವೇರಿ*

ಮೊದಲ ದಿನ ನನ್ನದು ಎಷ್ಟು ಸಲ ಹರಿಯಿತು ಅಂತ ಎಣಿಸುವುದನ್ನೇ ಬಿಟ್ಟಿದ್ದೆ ಪುಟ್ಟೀ. ನೀನು ಹಂಜಿಯನ್ನು ಬಿಗಿಯಾಗಿ ಹಿಡಿಯುತ್ತಿದ್ದೀಯ ಅನ್ನಿಸುತ್ತದೆ. ಗುಬ್ಬಿಮರಿ ಹಿಡಿದ ಹಾಗೆ ಹಿಡಿ. ತಕಲಿ ಚೆನ್ನಾಗಿ ತಿರುಗಿ ಹುರಿ ಏರಿದ ಮೇಲೆ ಮಾತ್ರ ಕೈ ಮೇಲೆತ್ತು. ಅವಸರ ಮಾಡಿ ಎಳೆದರೆ ಹುರಿ ಸಾಲದೆ ಹರಿಯುತ್ತದೆ. ತಕಲಿ ನಿಲ್ಲುವುದಕ್ಕೆ ಬಿಡಬೇಡ, ನಿಂತರೆ ಉಲ್ಟಾ ತಿರುಗಿ ಹುರಿ ಬಿಚ್ಚಿಕೊಳ್ಳುತ್ತದೆ. ಫ್ಯಾನ್ ಆಫ್ ಮಾಡಿ ಕೂರು. ಹರಿದರೆ ಎರಡು ತುದಿಯನ್ನೂ ಸ್ವಲ್ಪ ಬಿಡಿಸಿ ಒಂದರ ಮೇಲೊಂದಿಟ್ಟು ತಿರುಗಿಸು, ಗಂಟು ಹಾಕಬೇಡ. ಒಂದು ಗಜ ಹರಿಯದೆ ಬಂದ ದಿನ ಆ ನೂಲನ್ನು ಲಕೋಟೆಯಲ್ಲಿಟ್ಟು ನನಗೆ ಕಳಿಸು. ಹುರಿ ನೋಡಿ ಎಲ್ಲಿ ತಪ್ಪಿದೆ ಅಂತ ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ.